ಕೊನೆಯ ನುಡಿಯಲ್ಲಿದ್ದ ಹೆಸರು

"ಗುರುಗಳೇ, ಹಾಡಿಗೆ ಶುಲ್ಕ ಕಟ್ಟಿ ಎಂದರೆ ಸಣ್ಣ ಅಂಗಡಿಯವರು ಹಾಡನ್ನೇ ನಿಲ್ಲಿಸುತ್ತಾರೆ, ಹಾಡುವವರು ಉಪವಾಸ ಬೀಳುತ್ತಾರೆ. ಹಾಡು ಕಟ್ಟಿದವನಿಗೆ ನಾವು ನಿಜವಾಗಿ ಕೊಡಬೇಕಾದ್ದು ಏನಾದರೂ ಇದೆಯೇ?"

ಮಠದ ಸಂಜೆಯ ಪ್ರಾರ್ಥನೆಯಲ್ಲಿ ಪದ ಹಾಡಿ ಬಂದ ಶಿಷ್ಯ ಹೀಗೆ ಕೇಳಿದ. ಊಟದ ಗಂಟೆ ಬಾರಿಸಿದ್ದೇ ತಡ, ಅವನು ಪದವನ್ನು ಅಷ್ಟಕ್ಕೇ ಮುಗಿಸಿ ಎದ್ದಿದ್ದ. ಊಟವಾದ ಮೇಲೆ ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ಊರಿನ ಬಸ್ ನಿಲ್ದಾಣದ ಹತ್ತಿರ ಒಬ್ಬ ಹೆಂಗಸು ಖಾನಾವಳಿ ನಡೆಸುತ್ತಿದ್ದಳು. ನಾಲ್ಕು ಬೆಂಚಿನ ಖಾನಾವಳಿ. ಸಂಜೆ ಅಲ್ಲಿ ಒಬ್ಬ ಹಾಡುಗಾರ ಏಕತಾರಿ ಹಿಡಿದು ಪದ ಹಾಡುತ್ತಿದ್ದ. ರೊಟ್ಟಿ ಎಲ್ಲಾ ಕಡೆ ಸಿಗುತ್ತದೆ. ಜನ ಬರುತ್ತಿದ್ದದ್ದು ಅವನ ಹಾಡಿಗೆ. ಆಕೆ ಅವನಿಗೆ ಊಟವನ್ನೂ ದಿನದ ಕೂಲಿಯನ್ನೂ ಕೊಡುತ್ತಿದ್ದಳು. ಅವನ ಮನೆ ನಡೆಯುತ್ತಿದ್ದದ್ದು ಅದರಿಂದಲೇ.

ಒಂದು ದಿನ ಹಾಡು ಕಟ್ಟುವವರ ಸಂಘದಿಂದ ವಸೂಲಿಗಾರ ಬಂದ. ಹಳೆಯ ಶರಣರ ಪದಕ್ಕೆ ಏನೂ ಬೇಡ, ಬದುಕಿರುವ ಕವಿಯ ಪದ ಹಾಡಿಸಿದರೆ ಶುಲ್ಕ ಕಟ್ಟಬೇಕು ಎಂದ. ದೀಪ ಝಗಮಗಿಸುವ ಹೋಟೆಲಿಗೂ ನಾಲ್ಕು ಬೆಂಚಿಗೂ ಒಂದೇ ದರ. ಯಾವ ಮಹಾಶಯ ಈ ನ್ಯಾಯ ಮಾಡಿದನೋ ನಾನರಿಯೆ. ಅದನ್ನು ಕಟ್ಟಿದರೆ ಹಾಡುಗಾರನ ಕೂಲಿಗೆ ಆಕೆಯ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ.

ಊಟಕ್ಕೆ ಬಂದವರು ಹಳೆಯ ಪದಗಳಿಗೆ ಒಪ್ಪದೆ ಕೇಳಿ ಕೇಳಿ ಹಾಡಿಸುತ್ತಿದ್ದದ್ದು ಒಬ್ಬ ನೇಕಾರ ಕಟ್ಟಿದ ಪದ. ಅವನು ಇನ್ನೂ ಬದುಕಿದ್ದ. ನಮ್ಮ ಕಡೆ ಪದ ಕಟ್ಟಿದವನು ಕೊನೆಯ ನುಡಿಯಲ್ಲಿ, ಅಂದರೆ ಕೊನೆಯ ಚರಣದಲ್ಲಿ, ತನ್ನ ಹೆಸರು ಸೇರಿಸುತ್ತಾನೆ. ಈ ಪದದ ಕೊನೆಯ ನುಡಿಯಲ್ಲಿ 'ನೀರಲಕೊಪ್ಪದ ರಾಚಪ್ಪ' ಎಂಬ ಹೆಸರಿತ್ತು. ಖಾನಾವಳಿಯಾಕೆ ಒಂದು ಉಪಾಯ ಹೂಡಿದಳು.

"ಕೊನೀ ನುಡಿ ಬಿಟ್ಟು ಹಾಡ್ರಿ. ಯಾರ ಪದ ಅಂತ ಆ ವಸೂಲಿಯವಗ ಹ್ಯಾಂಗ ತಿಳೀತದ? ನನ್ನ ಖಾನಾವಳಿನೂ ಉಳೀತದ, ನಿಮ್ಮ ರೊಟ್ಟಿನೂ ಉಳೀತದ."

"ಹಾಡಬ್ಯಾಡ ಅನ್ನವ್ವಾ, ಏಕತಾರಿ ಕೆಳಗ ಇಡ್ತೀನಿ. ಅವನ ಹೆಸರು ನುಂಗಿ ಹೊಟ್ಟಿ ತುಂಬಿಸ್ಕೊಳ್ಳೂದು ನನ್ನಿಂದ ಆಗೂದಿಲ್ಲ."

ಮರುದಿನ ವಸೂಲಿಗಾರ ತಾನೇ ಊಟಕ್ಕೆ ಬಂದು ಕುಳಿತ. ಜನ ಎಂದಿನಂತೆ ಆ ಪದವನ್ನೇ ಕೇಳಿದರು. ಹಾಡುಗಾರ ಹಾಡಿದ. ಕೊನೆಯ ನುಡಿ ಬರುವಾಗ ಆಕೆ ಒಲೆಯ ಮುಂದಿನಿಂದಲೇ ಬೇಡ ಬೇಡವೆಂದು ಕೈಯಾಡಿಸಿದಳು. ಅವನು ಇಡೀ ಬೀದಿಗೆ ಕೇಳುವಂತೆ ರಾಚಪ್ಪನ ಹೆಸರು ಹಾಡಿದ. ಒಮ್ಮೆ ಸಾಲದೆಂದು ಇನ್ನೊಮ್ಮೆ ಹಾಡಿದ. ಇದನ್ನು ಹೇಳುವಾಗ ಈಗಲೂ ನನ್ನ ಎದೆ ಉಬ್ಬುತ್ತದೆ.

ವಸೂಲಿಗಾರ ಕೈ ತೊಳೆದು ಬಂದು ಶುಲ್ಕ ಕೇಳಿದ. ಆಕೆ ಕಟ್ಟಿದಳು. ಖಾನಾವಳಿಯಲ್ಲಿ ಹಾಡು ನಿಂತಿತು. ಹಾಡುಗಾರನ ಕೆಲಸ ಹೋಯಿತು.

ಅವನು ನೀರಲಕೊಪ್ಪಕ್ಕೆ ಹೋಗಿ ನೇಕಾರನಿಗೆ ನಡೆದದ್ದನ್ನೆಲ್ಲ ಹೇಳಿದ. ನೇಕಾರ ಮಗ್ಗ ನಿಲ್ಲಿಸಿದ. ದೊಡ್ಡ ಹೋಟೆಲುಗಳ ಶುಲ್ಕದಲ್ಲಿ ಅವನಿಗೂ ಪಾಲು ಬರುತ್ತಿತ್ತು, ಅದರಲ್ಲಿ ಅವನು ನೂಲು ಕೊಳ್ಳುತ್ತಿದ್ದ. ಅದೇ ಶುಲ್ಕ ತನ್ನ ಪದದ ಬಾಯಿ ಮುಚ್ಚಿಸುತ್ತಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ರುಮಾಲು ಸುತ್ತಿಕೊಂಡು ನೇರ ಸಂಘಕ್ಕೆ ಹೋಗಿ ಜಗಳ ತೆಗೆದ. ದೊಡ್ಡವರಿಂದ ಒಂದು ಕಾಸೂ ಬಿಡಬೇಡಿ, ಇಂಥ ಸಣ್ಣ ಖಾನಾವಳಿಗಳ ಲೆಕ್ಕವನ್ನು ಮಾತ್ರ ನನಗೇ ಬಿಡಿ ಎಂದು ಹಟ ಹಿಡಿದು ಕೂತ. ಅವರು ಒಪ್ಪಿದ ಮೇಲೆಯೇ ಎದ್ದ. ಅಲ್ಲಿಂದ ಹಾಡುಗಾರನನ್ನು ಕರೆದುಕೊಂಡು ಖಾನಾವಳಿಗೆ ಬಂದ.

"ತಾಯಿ, ನನ್ನ ಪದದ ಬೆಲಿ ನಾನು ಹೇಳ್ತೀನಿ. ಇವರ ಕೂಲಿ ಇವರಿಗೆ ಕೊಡ್ರಿ. ಸಂತಿಗೆ ಬಂದಾಗ ನನಗೊಂದು ತಾಟು ಊಟ ಹಾಕ್ರಿ. ಪುಕ್ಕಟ ಮಾತ್ರ ಹಾಡಸಬ್ಯಾಡ್ರಿ."

ಅಂದಿನಿಂದ ಸಂತೆಯ ದಿನ ಮೊದಲ ತಾಟು ಅವನದೇ. "ಪದ ಕಟ್ಟಿದವರು ಇವರು" ಎಂದು ಆಕೆ ಬಂದವರಿಗೆಲ್ಲ ಹೆಮ್ಮೆಯಿಂದ ತೋರಿಸುತ್ತಿದ್ದಳು. ಕೊನೆಯ ನುಡಿ ಬಂದಾಗ ನೇಕಾರ ಕೈಯಲ್ಲಿದ್ದ ತುತ್ತನ್ನು ತಾಟಿನಲ್ಲಿಟ್ಟು ತಲೆಯೆತ್ತಿ ಕೂರುತ್ತಿದ್ದ. ನಾಲ್ಕು ಬೆಂಚಿನವರೂ ಹಾಡುಗಾರನ ಜೊತೆ ದನಿಗೂಡಿಸಿ ಅವನ ಹೆಸರು ಹಾಡುತ್ತಿದ್ದರು.

ಕತೆ ಮುಗಿದಾಗ ಶಿಷ್ಯನ ಮುಖ ಅರಳಿತ್ತು. "ಎಂಥ ಹಾಡುಗಾರ, ಗುರುಗಳೇ! ಉಣ್ಣುವ ಅನ್ನ ಹೋದರೂ ಕಟ್ಟಿದವನ ಹೆಸರು ಬಿಡಲಿಲ್ಲ" ಎಂದ.

ಗುರುಗಳು ಕೇಳಿದರು: "ಊಟದ ಗಂಟೆ ಆಯಿತೆಂದು ಇವತ್ತು ನೀನು ಬಿಟ್ಟೆದ್ದ ನುಡಿಯಲ್ಲಿ ಯಾರ ಹೆಸರಿತ್ತು?"