ಹೊಸ್ತಿಲ ಮೇಲೆ ಕುಳಿತವಳು

"ಗುರುಗಳೇ, ನಾಲ್ಕು ವರ್ಷದಿಂದ ನಿಮ್ಮ ಪಾಠಕ್ಕೆ ಬರುತ್ತಿದ್ದೇನೆ. ಆದರೂ ನಿಮ್ಮನ್ನು ಪೂರ್ತಿ ನಂಬಲು ನನ್ನಿಂದಾಗಿಲ್ಲ. ನಂಬಿಕೆಯಿಲ್ಲದವನು ಶಿಷ್ಯನಾಗಿ ಉಳಿಯಬಹುದೇ? ಹೊರಡಲು ಅಪ್ಪಣೆ ಕೊಡಿ," ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಅವನನ್ನು ಕೂರಿಸಿಕೊಂಡು ಹೇಳತೊಡಗಿದರು.

ಒಂದೂರಿನಲ್ಲಿ ಸೀರೆ ನೇಯುವ ಹೆಂಗಸೊಬ್ಬಳಿದ್ದಳು. ಚಿಕ್ಕಂದಿನಲ್ಲೇ ತಾಯಿ ತೀರಿಕೊಂಡು ಚಿಕ್ಕಪ್ಪನ ಮನೆಯಲ್ಲಿ ಬೆಳೆದವಳು. ಆ ಚಿಕ್ಕಪ್ಪ "ಬಾ ಮಗಳೇ" ಎಂದು ಸವಿಯಾಗಿ ಕರೆಯುತ್ತಿದ್ದ. ಒಳಗೆ ಹೋದೊಡನೆ ಅಗುಳಿ ಹಾಕಿ ಬಡಿಯುತ್ತಿದ್ದ. ಅವಳು ದೊಡ್ಡವಳಾದಳು, ಅವನು ಸತ್ತೂ ಹೋದ. ಹೆದರಿಕೆ ಮಾತ್ರ ಸಾಯಲಿಲ್ಲ. ಬೈಗುಳಕ್ಕಿಂತ ಸವಿಮಾತಿಗೇ ಅವಳು ಹೆಚ್ಚು ಅಂಜುತ್ತಿದ್ದಳು. ಬೆನ್ನ ಹಿಂದೆ ಯಾರಾದರೂ ಸುಳಿದರೆ ಕೈ ನಡುಗಿ ಮಗ್ಗದ ಎಳೆ ಕಡಿಯುತ್ತಿತ್ತು. ಒಮ್ಮೆ ಧೈರ್ಯ ಮಾಡಿ ಒಬ್ಬ ವೈದ್ಯನ ಮುಂದೆ ಎಲ್ಲವನ್ನೂ ಹೇಳಿಕೊಂಡಳು. ವಾರದೊಳಗೆ ಆ ಮಾತು ಬಾವಿಕಟ್ಟೆಗೆ ಬಂತು. ಅಂದಿನಿಂದ ಬಾಯಿ ಹೊಲಿದುಕೊಂಡಳು.

ಕೆಲವು ವರ್ಷಗಳ ಮೇಲೆ, ಮನಸ್ಸಿನ ನೋವಿಗೆ ಮದ್ದು ನೀಡುವ ಹೊಸ ವೈದ್ಯೆಯೊಬ್ಬಳು ಊರಿಗೆ ಬಂದಳು. ನೇಯುವವಳು ಒಂದು ಸೋಮವಾರ ಹೋಗಿ ಹೊಸ್ತಿಲ ಮೇಲೆಯೇ ಕುಳಿತಳು. ಅಲ್ಲಿ ಕೂರಬಾರದೆಂದು ವೈದ್ಯೆ ಹೇಳಲಿಲ್ಲ, ಏನಾಯಿತೆಂದೂ ಕೇಳಲಿಲ್ಲ. ಅವಳ ಕಣ್ಣಿಗೆ ಕಾಣುವಂತೆ ಎದುರಿಗೆ ನೆಲದ ಮೇಲೆ ಕುಳಿತಳು. ಹೀಗೆ ಏಳು ಸೋಮವಾರ ಕಳೆದವು. ಆಡಿದ್ದೆಲ್ಲ ನೂಲಿನ ಮಾತು, ಬಣ್ಣದ ಮಾತು. ಆರನೆಯ ವಾರ, ವೈದ್ಯೆಯನ್ನು ಪರೀಕ್ಷಿಸಲೆಂದೇ, ನೇಯುವವಳು ತನ್ನದೊಂದು ಸಣ್ಣ ಗುಟ್ಟು ಹೇಳಿದ್ದಳು. ಅದು ಎಲ್ಲೂ ಕೇಳಿಬರಲಿಲ್ಲ. ಎಂಟನೆಯ ವಾರ ಅವಳು ಒಳಗೆ ಬಂದು ಕುಳಿತಳು.

ಅಂದು ಗಾಳಿ ಜೋರಾಗಿತ್ತು. ಧೂಳು ಬರುತ್ತದೆಂದು ವೈದ್ಯೆ ಎದ್ದು ಬಾಗಿಲು ಹಾಕಿದಳು. ಅಗುಳಿಯ ಸದ್ದು ಕೇಳಿದ್ದೇ ತಡ, ನೇಯುವವಳು ಬಾಗಿಲು ತೆಗೆದು ಓಡಿದಳು. ಎಲ್ಲರೂ ಒಂದೇ ಎಂದುಕೊಂಡಳು.

ಮೂರು ವಾರ ಅತ್ತ ಸುಳಿಯಲಿಲ್ಲ. ಮಗ್ಗದ ಮುಂದೆ ಕುಳಿತಾಗಲೆಲ್ಲ ಆ ಗುಟ್ಟು ನೆನಪಾಗುತ್ತಿತ್ತು. ಅದು ಇನ್ನೂ ಊರಿಗೆ ತಿಳಿದಿರಲಿಲ್ಲ. ನಾಲ್ಕನೆಯ ಸೋಮವಾರ ಹೆದರಿಕೊಂಡೇ ಹೊರಟಳು. ದಾರಿಯಲ್ಲಿ ಎರಡು ಸಲ ಹಿಂದಿರುಗಿದಳು. ಆದರೂ ಹೋದಳು. ಎಂದಿನ ಹೊತ್ತಿಗೆ, ಎಂದಿನ ಜಾಗದಲ್ಲಿ ವೈದ್ಯೆ ಕುಳಿತಿದ್ದಳು.

"ತಂಗಿ, ಅಂದು ನಿನ್ನನ್ನು ಕೇಳದೆ ಬಾಗಿಲು ಹಾಕಿದೆ. ತಪ್ಪು ನನ್ನದು," ಎಂದಳು ವೈದ್ಯೆ.

ತನ್ನನ್ನು ಹೆದರಿಸಿದವರು ತಪ್ಪೊಪ್ಪಿಕೊಂಡದ್ದನ್ನು ಅವಳು ಅದುವರೆಗೆ ಕಂಡಿರಲಿಲ್ಲ. ಬಹಳ ಹೊತ್ತು ಅತ್ತಳು. ಆಮೇಲೆ ಚಿಕ್ಕಪ್ಪನ ಮನೆಯ ಮಾತು ತೆಗೆದಳು. ಒಂದು ದಿನದಲ್ಲಿ ಮುಗಿಯುವ ಮಾತೇ ಅದು? ಎರಡು ವರ್ಷ ಹಿಡಿಯಿತು.

ಕೈ ನಡುಕ ನಿಂತ ಮೇಲೆ ಒಂದು ಸೀರೆ ನೇಯ್ದು ವೈದ್ಯೆಗೆ ತಂದುಕೊಟ್ಟಳು.

"ಅಕ್ಕ, ಇದರಲ್ಲಿ ಒಂದೆಳೆಯೂ ಕಡಿದಿಲ್ಲ," ಎಂದಳು.

ವೈದ್ಯೆ ಸೀರೆಯನ್ನು ಕಣ್ಣಿಗೊತ್ತಿಕೊಂಡಳು. "ನೀನು ಅಂದು ತಿರುಗಿ ಬಂದೆಯಲ್ಲ, ಅದು ನನ್ನ ಪುಣ್ಯ," ಎಂದಳು.

ಗುರುಗಳು ಮಾತು ನಿಲ್ಲಿಸಿದರು. ಶಿಷ್ಯ, "ಹಾಗಾದರೆ ಅವಳಿಗೆ ನಂಬಿಕೆ ಹುಟ್ಟಿದ್ದು ವೈದ್ಯೆ ತಪ್ಪೊಪ್ಪಿಕೊಂಡಾಗಲೇ?" ಎಂದು ಕೇಳಿದ.

"ಅದಕ್ಕೂ ಮೊದಲೇ ಹೆದರಿಕೊಂಡೇ ದಾರಿ ನಡೆದಳಲ್ಲ ಮಗು, ನೀನು ನಾಲ್ಕು ವರ್ಷ ಇಲ್ಲಿಗೆ ನಡೆದು ಬಂದ ಹಾಗೆ," ಎಂದರು ಗುರುಗಳು.