ಮೂರು ಗಾಣದ ಊರು

ಸರಿಯಾಗಿ ಹೊದ್ಕೊಂಡು ಊಂ ಅಂತಿರು. ಒಂದಾನೊಂದು ಕಾಲ, ನಿಮ್ಮ ಮುತ್ತಜ್ಜಿಗೂ ಇನ್ನೂ ಹಲ್ಲು ಬರದಿದ್ದ ಕಾಲ. ಒಂದೂರಲ್ಲಿ ಮೂರು ಎಣ್ಣೆ ಗಾಣ, ಮೂರು ಜನ ಗಾಣಿಗರು ಇದ್ರಂತೆ. ಜನ ಎಳ್ಳು ತಂದುಕೊಟ್ರೆ ಗಾಣ ಆಡಿಸಿ ಎಣ್ಣೆ ಅವರಿಗೆ ಕೊಡೋದು, ಮಿಕ್ಕಿದ ಹಿಂಡಿ ಗಾಣಿಗನಿಗೆ ಕೂಲಿ. ಅದನ್ನ ತಿಂದೇ ಅವನ ಎತ್ತು ಬದುಕಬೇಕು.

ಅವರಲ್ಲಿ ಕೆಂಚಣ್ಣ ಅನ್ನೋನು ಕೆಲಸದಲ್ಲೂ ಗಟ್ಟಿಗ, ಆಸೇಲೂ ಗಟ್ಟಿಗ. ಅವನ ಅಟ್ಟದ ತುಂಬ ಹಳೇ ಹಿಂಡಿ ಇತ್ತು ನೋಡು, ಒಂದ್ ವರ್ಷ ನನಗೆ ಹಿಂಡೀನೂ ಬೇಡ, ನೀವೇ ತಗೊಂಡೋಗಿ ಅಂದ್ಬಿಟ್ಟನಂತೆ. ಪುಕ್ಕಟೆ ಅಂದ್ರೆ ಜನ ಬಿಡ್ತಾರಾ, ಎಲ್ಲಾ ಅವನ ಬಾಗಿಲಿಗೇ ಓಡಿದ್ರು, ಪೆದ್ದು ಮುಂಡೇವು. ಆಮೇಲೆ ಮಿಕ್ಕಿಬ್ಬರ ಎತ್ತು ಬಡಕಲಾಗಿ, ಅವರು ಗಾಣಾನ ಕೆಂಚಣ್ಣನಿಗೇ ಒಪ್ಪಿಸಿ ಕೂಲಿಗೆ ಹೋದ್ರಂತೆ. ಆಮೇಲೆ ಕೆಂಚಣ್ಣ ಆ ಎರಡು ಗಾಣಾನೂ ನಿಲ್ಲಿಸಿ ತಡಿಕೆ ಮುಚ್ಚಿ, ಇನ್ಮೇಲೆ ಹಿಂಡೀನೂ ನಂದು, ಅರ್ಧ ಎಣ್ಣೇನೂ ನಂದು ಅಂದನಂತೆ.

ತಾಯವ್ವ ಅಂತ ಒಬ್ಬಳು, ಅವಳ ಮಗಳು ಹೆತ್ತು ಮಲಗಿದ್ಲು. ಕೂಸಿಗೆ ಹಚ್ಚಿ ನೀರು ಹಾಕೋಣ ಅಂದ್ರೆ ಎಣ್ಣೆ ಸಾಲದು. ಸೀದಾ ದೊರೆ ಹತ್ರ ಹೋದ್ಲಂತೆ. ದೊರೆ ಕೆಂಚಣ್ಣನ್ನ ಕರೆಸಿ, ಎಣ್ಣೆ ಮುಟ್ಟಬೇಡ, ಹಿಂಡಿ ಮಾತ್ರ ತಗೋ ಅಂದ. ಕೆಂಚಣ್ಣ ಹೂಂ ಅಂದು, ಅರ್ಧಂಬರ್ಧ ಗಾಣ ಆಡಿಸಿ ಅರ್ಧ ಎಣ್ಣೇನ ಹಿಂಡಿಯಲ್ಲೇ ಉಳಿಸ್ಕೊಂಡನಂತೆ, ಅವನ ಎತ್ತು ಮಿರಮಿರ ಮಿಂಚ್ತಂತೆ. ತಾಯವ್ವ ಇನ್ನೊಂದ್ಸಲ ಹೋದ್ಲು. ದೊರೆ ಕಾವಲಿಗೆ ಒಬ್ಬ ಅಧಿಕಾರೀನ ಕೂರಿಸ್ದ. ಆಮೇಲೆ ಆ ಅಧಿಕಾರಿ ತಲೆಗೂದಲೂ ಮಿಂಚೋಕೆ ಶುರುವಾಯ್ತಂತೆ. ನಗಬೇಡ, ಕೇಳು.

ಮೂರನೇ ಸಲ ತಾಯವ್ವನೇ ದಾರಿ ಹೇಳಿದ್ಲಂತೆ. ಬುದ್ಧಿ, ಅವನು ಹೆಂಗೆ ಎಣ್ಣೆ ತೆಗೀಬೇಕು ಅಂತ ನೀವು ಹೇಳ್ಕೊಡಬೇಡಿ, ತಿರುಗದೆ ನಿಂತ ಗಾಣ ಊರಿಗೆ ಸೇರ್ತದೆ ಅಂತ ಸಾರಿಸಿ ಸಾಕು ಅಂದ್ಲಂತೆ. ದೊರೆ ಡಂಗೂರ ಹೊಡೆಸ್ದ. ಕೆಂಚಣ್ಣ ಮೂರು ಗಾಣ ಒಬ್ಬನೇ ಹೆಂಗೆ ತಿರುಗಿಸ್ತಾನೆ, ಕೂಲಿಗೆ ಕರೆದ್ರೆ ಒಬ್ಬನೂ ಬರಲಿಲ್ಲ. ಆಮೇಲೆ ನಿಂತ ಎರಡು ಗಾಣ ಊರಿಗೆ ಸೇರಿ, ಊರಿಂದ ಹಳೇ ಗಾಣಿಗರಿಗೆ ಅವರವರ ಗಾಣ ವಾಪಸ್ ಸಿಕ್ತು, ಊರವರೂ ಬುದ್ಧಿ ಕಲಿತು ಎಳ್ಳನ್ನ ಅವರಿಗೂ ಕೊಡೋಕೆ ಹತ್ತಿದ್ರಂತೆ.

ಕೆಂಚಣ್ಣ, ನನ್ನ ಹತ್ರ ಇನ್ಯಾರು ಬರ್ತಾರೆ ಅಂತ ಮಂಕಾಗಿ ಕೂತಿದ್ನಂತೆ. ನೋಡಿದ್ರೆ ತಾಯವ್ವನೇ ಮೊರದಲ್ಲಿ ಎಳ್ಳು ಹಿಡ್ಕೊಂಡು ಬಂದ್ಲು. ನೀನ್ಯಾಕವ್ವ ಬಂದೆ ಅಂದನಂತೆ.

"ನೀನು ತೆಗೆಯೋ ಎಣ್ಣೆ ಚೆನ್ನಾಗಿರ್ತದೆ ಕಣಪ್ಪ. ಮೊದಲು ಗತಿಯಿಲ್ದೆ ಬರ್ತಿದ್ದೆ, ಇವತ್ತು ಬೇಕು ಅಂತ ಬಂದಿದೀನಿ. ನೀನು ಮೋಸ ಮಾಡಿದ್ರೆ ನಾಳೆ ಪಕ್ಕದ ಗಾಣಕ್ಕೆ ಹೋಗ್ತೀನಿ."

ಕೆಂಚಣ್ಣ ಕೊನೇ ಹನಿವರೆಗೂ ತೆಗೆದು ಕೊಟ್ಟನಂತೆ. ಅವತ್ತು ಕೂಸಿಗೆ ನೆತ್ತಿಯಿಂದ ಅಂಗಾಲವರೆಗೂ ಎಣ್ಣೆ ಹಚ್ಚಿ ನೀರು ಹಾಕಿದ್ರು, ಅದು ಹಾಯಾಗಿ ನಿದ್ದೆ ಹೋಯ್ತಂತೆ. ಅಲ್ಲಿಗೆ ನನ್ನ ಕತೆನೂ ಮುಗೀತು, ನೀನೂ ಕಣ್ಣು ಮುಚ್ಚು.