ದೊಡ್ಡ ದಿನಕ್ಕೆ ಕಾದಿಟ್ಟ ಮುಳ್ಳು

ಮಕ್ಕಳೇ, ಬೆಟ್ಟದ ಬೆನ್ನಿಗಿರುವ ಕುರುಚಲು ಕಾಡಿನಲ್ಲಿ ಹೊಗೆಮಡು ಎಂಬ ಕೆರೆಯಿತ್ತು. ಬೆಳಗಿನ ಹೊತ್ತು ಅದರ ನೀರಿನಿಂದ ಮಂಜು ಎದ್ದು ಹೊಗೆಯ ಹಾಗೆ ದಡದ ಮೇಲೆಲ್ಲ ಹಬ್ಬುತ್ತಿತ್ತು. ಆಗ ಜಿಂಕೆ ಯಾವುದು, ಜಿಂಕೆಯ ನೆರಳು ಯಾವುದು ಎಂದು ತಿಳಿಯುತ್ತಿರಲಿಲ್ಲ. ತಾವರೆ ಎಲೆಗಳು ನೀರಿನ ಮೇಲೆ ತೇಲುತ್ತಿವೆಯೋ, ಗಾಳಿಯಲ್ಲಿ ತೇಲುತ್ತಿವೆಯೋ ಅನ್ನುವುದೂ ತಿಳಿಯುತ್ತಿರಲಿಲ್ಲ. ಅಲ್ಲಿಗೆ ಬರುವವರೆಲ್ಲ ಅರೆನಿದ್ದೆಯಲ್ಲಿ ಬಂದು, ನೀರು ಕುಡಿದು, ಅರೆನಿದ್ದೆಯಲ್ಲೇ ಮರಳುತ್ತಿದ್ದರು.

ಅಷ್ಟು ನಿಶ್ಚಿಂತೆಯಿಂದ ಇರಲು ಒಂದು ಕಾರಣವಿತ್ತು. ಹಿಂದೆ ಸೀಳುನಾಯಿಗಳ ಹಿಂಡು ಆ ಕೆರೆಗೆ ನುಗ್ಗಿ ಬಹಳ ಪ್ರಾಣಿಗಳನ್ನು ಕೊಂದಿತ್ತು. ಆಮೇಲೆ ಪ್ರಾಣಿಗಳೆಲ್ಲ ದಡದ ಹೊಂಗೆಮರದ ಕೆಳಗೆ ಸೇರಿ, ಗುಡ್ಡಯ್ಯ ಎಂಬ ಕಾಡುಕೋಣನನ್ನು ಕಾವಲಿಗೆ ನಿಲ್ಲಿಸಿದ್ದರು. ಅವನು ಒಳ್ಳೆಯವನು, ಬಲಶಾಲಿ. ಅವನು ಬಂದ ಮೇಲೆ ಸೀಳುನಾಯಿಗಳು ಆ ಕಡೆ ತಲೆ ಹಾಕಲಿಲ್ಲ. ಯಾರಿಗೇ ದೂರಿದ್ದರೂ ಸಂಜೆ ಹೊಂಗೆಮರದ ಕೆಳಗೆ ಬಂದು ಹೇಳಬಹುದು, ಗುಡ್ಡಯ್ಯನ ಮೇಲೆ ದೂರಿದ್ದರೂ ಹೇಳಬಹುದು ಎಂದು ಆಗಲೇ ಮಾತಾಗಿತ್ತು.

ಅದೇ ಕೆರೆಯ ದಿಬ್ಬದ ಬಿಲದಲ್ಲಿ ಸೂಜಪ್ಪ ಎಂಬ ಮುಳ್ಳುಹಂದಿ ಹೆಂಡತಿ ಮಕ್ಕಳೊಂದಿಗೆ ಇದ್ದ. ಅವನಿಗೆ ತನ್ನ ಮುಳ್ಳುಗಳೆಂದರೆ ಬಹಳ ಹೆಮ್ಮೆ. ಕಪ್ಪು ಬಿಳುಪಿನ ಪಟ್ಟೆಯ ಆ ಉದ್ದನೆಯ ಮುಳ್ಳುಗಳನ್ನು ಅವನು ನಡೆಯುವಾಗಲೂ ಗಲಗಲ ಅನ್ನಿಸುತ್ತಿದ್ದ.

ಒಂದು ಬೆಳಿಗ್ಗೆ ಮಂಜು ಬಹಳ ದಟ್ಟವಾಗಿತ್ತು. ಸೂಜಪ್ಪ ನೀರು ಕುಡಿಯುತ್ತಿದ್ದಾಗ ಹಿಂದೆ ಏನೋ ಸರಿದಾಡಿತು. ಅವನು ಬೆಚ್ಚಿ, ತಿರುಗಿ ನೋಡದೆ, ಮುಳ್ಳು ನಿಮಿರಿಸಿ ರಪ್ಪನೆ ಹಿಂದಕ್ಕೆ ಹಾರಿದ. ಅಲ್ಲಿದ್ದದ್ದು ಶತ್ರುವಲ್ಲ. ಚುಕ್ಕವ್ವ ಎಂಬ ಜಿಂಕೆಯ ಪುಟ್ಟ ಮರಿ, ತಾಯಿಯನ್ನು ಹುಡುಕುತ್ತ ಅಲ್ಲಿಗೆ ಬಂದಿತ್ತು. ಮುಳ್ಳು ಅದರ ಭುಜದಲ್ಲಿ ಆಳಕ್ಕೆ ಇಳಿಯಿತು. ಮರಿ ಬದುಕಿತು, ಆದರೆ ಕುಂಟುವುದು ಉಳಿಯಿತು.

ಗಾಯ ಮಾಯುವ ಹೊತ್ತಿಗೆ ಹೊಂಗೆಮರದ ಕೆಳಗೆ ಎಲ್ಲರೂ ಸೇರಿದರು. ಇನ್ನು ಮುಂದೆ ಮುಳ್ಳುಹಂದಿಗಳು ಕೆರೆಗೆ ಬರುವಾಗ ಮೈಗೆ ಜೇಡಿಮಣ್ಣು ಮೆತ್ತಿಕೊಂಡು, ಮುಳ್ಳುಗಳನ್ನು ಒತ್ತಿ ಮಲಗಿಸಿಕೊಂಡು ಬರಲಿ ಎಂದು ಗುಡ್ಡಯ್ಯ ಸೂಚಿಸಿದ. ಮನೆಗೆ ಹೋಗಿ ಮೈ ಒದರಿದರೆ ಮಣ್ಣು ಉದುರುತ್ತದೆ, ಮುಳ್ಳು ಎಲ್ಲಿಗೂ ಹೋಗುವುದಿಲ್ಲ ಎಂದೂ ಹೇಳಿದ. ಬಹಳ ಜನ ತಲೆಯಾಡಿಸಿದರು.

ಸೂಜಪ್ಪ ಒಪ್ಪಲಿಲ್ಲ. ಮರಿಗೆ ಆದದ್ದಕ್ಕೆ ತನಗೂ ನೋವಿದೆ ಎಂದ. ಅದು ನಿಜವೂ ಆಗಿತ್ತು. ಆಮೇಲೆ ಹೀಗೆ ಹೇಳಿದ:

"ಗುಡ್ಡಯ್ಯ ಇವತ್ತು ನಮ್ಮ ಕಾವಲುಗಾರ. ನಾಳೆ ನಮ್ಮ ಒಡೆಯನಾದರೆ ಏನು ಮಾಡುತ್ತೀರಿ? ಅವನಿಗೆ ಕೊಂಬಿದೆ. ನಿಮಗೆ ಏನಿದೆ? ಅವನು ಕೆಡುವ ದಿನ ಬಂದರೆ ಈ ಕೆರೆಗೆ ಉಳಿಯುವುದು ನನ್ನ ಮುಳ್ಳೊಂದೇ. ಅದನ್ನು ಅವನ ಮಾತಿನ ಮೇಲೆ ಮಲಗಿಸಿದರೆ, ಎಬ್ಬಿಸುವುದಕ್ಕೂ ಅವನನ್ನೇ ಕೇಳಬೇಕಾಗುತ್ತದೆ."

ಈ ಮಾತಿಗೆ ಕೆಲವರು ಹೌದಲ್ಲ ಅಂದುಕೊಂಡರು. ಮೊಲಗಳು ಪರಸ್ಪರ ಮುಖ ನೋಡಿಕೊಂಡವು. ಆಗ ಚುಕ್ಕವ್ವ ಎದ್ದಳು.

"ನನ್ನ ಮಗು ಒಡೆಯನಲ್ಲ, ಯಾರ ಮೇಲೂ ದಬ್ಬಾಳಿಕೆ ಮಾಡಿರಲಿಲ್ಲ. ಮುಂದೆಂದೋ ಬರುವ ಕೆಟ್ಟವನಿಗೆ ಇಟ್ಟ ಮುಳ್ಳು ಇವತ್ತು ಅದರ ಭುಜಕ್ಕೆ ಹೋಯಿತು."

ಎರಡು ಮಾತಿನಲ್ಲೂ ಸತ್ಯವಿತ್ತು, ಅದಕ್ಕೇ ಚರ್ಚೆ ಮುಗಿಯಲಿಲ್ಲ. ಕತ್ತಲಾಗುವ ಮೊದಲು ಒಂದು ರಾಜಿ ಮಾಡಿಕೊಂಡರು. ಮುಳ್ಳುಹಂದಿಗಳು ಮಣ್ಣು ಮೆತ್ತಿಕೊಳ್ಳುವುದು ಬೇಡ, ಆದರೆ ಅವರು ಉಳಿದವರಿಂದ ದೂರ, ದಿಬ್ಬದ ಕೆಳಗಿನ ಬಂಡೆಯ ಬಳಿ ಮಾತ್ರ ನೀರು ಕುಡಿಯಬೇಕು. ಸೂಜಪ್ಪ ಸಂತೋಷದಿಂದ ಒಪ್ಪಿದ. ಗುಡ್ಡಯ್ಯ ಕೆಟ್ಟರೆ, ಆ ದಿನ ಎಲ್ಲರಿಗಿಂತ ಮುಂದೆ ನಿಲ್ಲುವವನು ತಾನೇ ಎಂದು ಸೂಜಪ್ಪ ಮಾತೂ ಕೊಟ್ಟ.

ಆ ಮಾತು ಎಲ್ಲರಿಗೂ ಬಹಳ ಹಿಡಿಸಿತು. ಮುಳ್ಳಿರುವವನು ಇದ್ದಾನಲ್ಲ, ಇನ್ನು ನಮಗೇನು ಚಿಂತೆ ಅಂದುಕೊಂಡು ಸಂಜೆ ಹೊಂಗೆಮರದ ಕೆಳಗೆ ಬರುವುದನ್ನೇ ಕಡಿಮೆ ಮಾಡಿದರು. ಸೂಜಪ್ಪ ಅಂತೂ ಬರಲೇ ಇಲ್ಲ. ಮರದ ಕೆಳಗೆ ಹೊಂಗೆ ಹೂವು ಉದುರಿ ಉದುರಿ, ಯಾರ ಹೆಜ್ಜೆಯೂ ಬೀಳದೆ, ಮೆತ್ತನೆಯ ಹಾಸಿಗೆಯಂತಾಯಿತು.

ಕಾಲ ಹೀಗೆ ಕನಸಿನಂತೆ ಸರಿಯಿತು. ಗುಡ್ಡಯ್ಯ ಕಾವಲಿಗೆ ಸಹಾಯಕ್ಕೆಂದು ತನ್ನ ತಮ್ಮಂದಿರನ್ನು ಕರೆಸಿಕೊಂಡ. ಅವರಿಗೆ ಹಸಿವು ಜಾಸ್ತಿ. ಮೂಡಣ ದಡದ ಎಳೆಹುಲ್ಲು ಇನ್ನು ಮೇಲೆ ಕಾವಲಿನವರಿಗೆ ಮಾತ್ರ ಎಂದ. ಯಾರೂ ಏನೂ ಅನ್ನಲಿಲ್ಲ. ಹುಲ್ಲು ಬೇರೆ ಕಡೆಯೂ ಇತ್ತು.

ಆಮೇಲೆ ಕೋಣಗಳು ಹೊರಳಾಡಲು ಜೊಂಡಿನ ಒಳಗೆ ಇಳಿದವು. ಅಲ್ಲಿ ಜೊಂಡಕ್ಕ ಎಂಬ ಹುಂಡುಕೋಳಿ ಗೂಡು ಕಟ್ಟಿ ಮೊಟ್ಟೆಗಳಿಗೆ ಕಾವು ಕೊಡುತ್ತಿದ್ದಳು. ಒಂದು ಗೊರಸು ಬಿತ್ತು, ಗೂಡು ಕೆಸರಿನೊಳಗೆ ಹೋಯಿತು. ಜೊಂಡಕ್ಕ ಓಡಿ ಸೂಜಪ್ಪನ ದಿಬ್ಬಕ್ಕೆ ಬಂದಳು. ಅಣ್ಣಾ, ನೀನು ಮಾತು ಕೊಟ್ಟ ದಿನ ಬಂದಿದೆ, ನನ್ನ ಜೊತೆ ಬಂದು ಗುಡ್ಡಯ್ಯನನ್ನು ಕೇಳು ಎಂದು ಬೇಡಿಕೊಂಡಳು.

ಸೂಜಪ್ಪ ಅವಳ ಕತೆಯನ್ನು ಮರುಕದಿಂದಲೇ ಕೇಳಿದ. ಆದರೆ ಅವನ ಲೆಕ್ಕ ಬೇರೆಯಿತ್ತು.

"ಇದು ಕೋಣನ ಕಾಲು ತಪ್ಪಿ ಆದದ್ದಿರಬೇಕು, ಜೊಂಡಕ್ಕ. ಇಂಥ ಸಣ್ಣದಕ್ಕೆಲ್ಲ ಮುಳ್ಳು ಎತ್ತಿದರೆ ದೊಡ್ಡ ದಿನಕ್ಕೆ ಏನು ಉಳಿಯುತ್ತದೆ?"

ಮುಳ್ಳು ಎತ್ತುವುದು ಬೇಡ, ಜೊತೆಗೆ ಬಂದು ಒಂದು ಮಾತು ಕೇಳಿದರೆ ಸಾಕು ಎಂದು ಅವಳು ಅಂದಳು. ಮಾತಿನಿಂದ ಏನಾಗುತ್ತದೆ ಎಂದು ಸೂಜಪ್ಪ ನಕ್ಕ. ಜೊಂಡಕ್ಕ ದಿಬ್ಬ ಇಳಿದು ಹೋದಳು.

ಕೆಲವು ದಿನಗಳ ಮೇಲೆ, ಕೋಣಗಳು ಮಿಂದು ಮುಗಿಸುವವರೆಗೆ ಜಿಂಕೆಗಳು ನೀರಿಗೆ ಬರಬಾರದು ಎಂದಾಯಿತು. ಜಿಂಕೆಗಳಿಗೆ ಸಿಗುತ್ತಿದ್ದದ್ದು ಕದಡಿದ ನೀರು. ಸೂಜಪ್ಪನ ಬಂಡೆಯ ಬಳಿ ನೀರು ತಿಳಿಯಾಗಿಯೇ ಇತ್ತು, ಹಾಗಾಗಿ ಅವನಿಗೆ ಇದು ಕಾಣಲಿಲ್ಲ. ಕೊನೆಗೆ ಹೊಂಗೆಮರದ ಕೆಳಗೆ ಯಾರೂ ಗುಂಪುಗೂಡಬಾರದು ಎಂದು ಗುಡ್ಡಯ್ಯ ಸಾರಿದ. ಸೂಜಪ್ಪನ ಹೆಂಡತಿ ಅಂದು ಗಂಡನನ್ನು ಕೇಳಿದಳು, ಈಗಲಾದರೂ ದೊಡ್ಡ ದಿನ ಬಂತೋ ಇಲ್ಲವೋ ಎಂದು. ಹೋದದ್ದು ಮಾತಾಡುವ ಜಾಗ ಮಾತ್ರ, ಮುಳ್ಳು ಹೋಗಿಲ್ಲವಲ್ಲ ಎಂದು ಅವನು ಮಗ್ಗುಲು ಬದಲಿಸಿ ಮಲಗಿದ.

ಮಾರನೆಯ ಬೆಳಿಗ್ಗೆ ದಿಬ್ಬ ನಡುಗಿತು. ಗುಡ್ಡಯ್ಯನ ತಮ್ಮಂದಿರಿಗೆ ಆ ತಿಳಿನೀರಿನ ಬಂಡೆ ಬೇಕಾಗಿತ್ತು. ಸೂಜಪ್ಪ ಬಿಲದ ಒಳಗಿಂದಲೇ ಅದರ ಬಾಯಿಗೆ ಬೆನ್ನು ಕೊಟ್ಟು, ಮುಳ್ಳುಗಳನ್ನು ನಿಮಿರಿಸಿ ನಿಂತ. ಇಷ್ಟು ಕಾಲ ಕಾದಿದ್ದ ದಿನ ಬಂದೇ ಬಂತು ಎಂದುಕೊಂಡ. ಆದರೆ ಕೋಣಗಳು ಅವನ ಹತ್ತಿರಕ್ಕೇ ಬರಲಿಲ್ಲ. ದಿಬ್ಬದ ಮೇಲೆ ನಿಂತು ಕೊಂಬಿನಿಂದ ಒಂದು ಗುಂಡುಕಲ್ಲನ್ನು ಉರುಳಿಸಿದವು. ಅದರ ಹಿಂದೆ ಮಣ್ಣು ಜರಿಯಿತು. ಬಿಲದ ಬಾಯಿ ಮುಚ್ಚಿಹೋಯಿತು.

ಒಳಗೆ ಕತ್ತಲೆ. ಸೂಜಪ್ಪ ಕಲ್ಲಿಗೆ ಮುಳ್ಳು ಚುಚ್ಚಿ ನೋಡಿದ, ಮುಳ್ಳು ಮುರಿಯಿತು. ಇದ್ದ ಸ್ವಲ್ಪ ಜಾಗದಲ್ಲಿ ಎಲ್ಲರೂ ಒತ್ತಿಕೊಂಡು ಕೂರಬೇಕಾಗಿತ್ತು. ಅವನು ಹೆದರಿ ಮೈ ನಿಮಿರಿಸಿದಾಗಲೆಲ್ಲ ಮುಳ್ಳು ತಾಗಿ ಮಕ್ಕಳು ಅಳುತ್ತಿದ್ದವು. ಉಸಿರು ಹಿಡಿದು, ಮುಳ್ಳುಗಳನ್ನು ಮಲಗಿಸಿಕೊಂಡು, ಅವನು ಮೂಲೆಯಲ್ಲಿ ಮುದುಡಿ ಕೂತ. ಹೊರಗಿನ ಕೆರೆಯ ಸಪ್ಪಳ ಎಲ್ಲೋ ಬಹಳ ದೂರದಿಂದ, ನಿದ್ದೆಯಲ್ಲಿ ಕೇಳಿದ ಹಾಗೆ ಕೇಳುತ್ತಿತ್ತು. ಅವನು ಕೂಗಿದ. ಯಾರಾದರೂ ಬಂದಾರು ಎಂದು ಕಾದ. ತಾನು ಯಾರ ಕೂಗಿಗೆ ಹೋಗಿದ್ದೆ ಎಂದು ಯೋಚಿಸಿದಾಗ ಅವನಿಗೆ ಒಂದು ಹೆಸರೂ ನೆನಪಾಗಲಿಲ್ಲ.

ಆ ಕೂಗು ಕೇಳಿದ್ದು ಜೊಂಡಕ್ಕನಿಗೆ. ಅವಳು ಸ್ವಲ್ಪ ಹೊತ್ತು ಒಂಟಿ ಕಾಲಿನ ಮೇಲೆ ನಿಂತು ಯೋಚಿಸಿದಳು. ಒಳಗೆ ಮಕ್ಕಳಿದ್ದಾರೆ ಎನ್ನುವುದು ಅವಳಿಗೆ ಗೊತ್ತಿತ್ತು. ನೇರವಾಗಿ ಚುಕ್ಕವ್ವನ ಹತ್ತಿರ ಹೋದಳು, ಏಕೆಂದರೆ ಜಿಂಕೆಗಳು ಬಾರದೆ ಇನ್ನಾರೂ ಬರುತ್ತಿರಲಿಲ್ಲ.

ಚುಕ್ಕವ್ವ ಕುಂಟುವ ಮರಿಯ ಭುಜವನ್ನು ನೆಕ್ಕುತ್ತ ನಿಂತಿದ್ದಳು. ಆಮೇಲೆ ತಲೆಯೆತ್ತಿದಳು.

"ಅವನು ನನ್ನ ಮಗುವಿನ ನಡಿಗೆ ಕಿತ್ತುಕೊಂಡ. ಅವನ ಮಕ್ಕಳು ನನ್ನದೇನೂ ಕಿತ್ತುಕೊಂಡಿಲ್ಲ. ನಡಿ."

ಹಂದಿಗಳು, ಮೊಲಗಳು, ಮುಂಗುಸಿಗಳು ಒಂದೊಂದಾಗಿ ಕೂಡಿಕೊಂಡವು. ದಿಬ್ಬದ ಹಿಂಬದಿಯಿಂದ ಎಲ್ಲರೂ ಅಗೆದರು. ಚುಕ್ಕವ್ವ ಗೊರಸಿನಿಂದ ಮಣ್ಣು ಕೆರೆದು ಹಾಕಿದಳು. ಹೊತ್ತು ಇಳಿಯುವ ವೇಳೆಗೆ ಸಂದು ತೆರೆಯಿತು. ಮೊದಲು ಮಕ್ಕಳು, ಆಮೇಲೆ ತಾಯಿ, ಕೊನೆಗೆ ಮೈಯೆಲ್ಲ ಮಣ್ಣಾದ ಸೂಜಪ್ಪ ಹೊರಗೆ ಬಂದ. ಅವನಿಗೆ ಯಾರ ಮುಖವನ್ನೂ ನೋಡಲು ಆಗಲಿಲ್ಲ.

"ನಿನ್ನ ಗೂಡು ತುಳಿದ ದಿನವೇ ನಾನು ಬರಬೇಕಿತ್ತು, ಜೊಂಡಕ್ಕ," ಎಂದ.

"ಬರಬೇಕಿತ್ತು," ಎಂದಳು ಅವಳು. ಅಷ್ಟೇ.

ಎಲ್ಲರೂ ಅಲ್ಲೇ ಕೂತು ಮಾತಾಡಿಕೊಂಡರು. ಯಾರಿಗೆ ಏನೇನು ಆಗಿದೆ ಎಂದು ಪರಸ್ಪರ ಹೇಳಿಕೊಂಡಾಗ ಎಲ್ಲರಿಗೂ ಆಶ್ಚರ್ಯವಾಯಿತು. ತನಗೆ ಮಾತ್ರ ಆಗಿದೆ ಎಂದು ಪ್ರತಿಯೊಬ್ಬರೂ ಅಂದುಕೊಂಡಿದ್ದರು.

ಬೆಳಗಾಯಿತು. ಮಂಜು ಎಂದಿನಂತೆ ನೀರಿನಿಂದ ಎದ್ದಿತು. ಕೋಣಗಳು ಮೀಯಲು ಬಂದಾಗ ದಡದ ಉದ್ದಕ್ಕೂ ಪ್ರಾಣಿಗಳು ನಿಂತಿದ್ದವು. ಯಾರೂ ನೀರು ಕುಡಿಯುತ್ತಿರಲಿಲ್ಲ, ಯಾರೂ ಸದ್ದು ಮಾಡುತ್ತಿರಲಿಲ್ಲ. ಹತ್ತಿರದವರು ಕಾಣುತ್ತಿದ್ದರು, ಅವರ ಹಿಂದಿನವರು ಮಸುಕಾಗಿದ್ದರು, ಅವರ ಹಿಂದೆ ಬರೀ ಕಣ್ಣುಗಳು. ಸಾಲು ಎಲ್ಲಿ ಮುಗಿಯುತ್ತದೆ ಎಂದು ಹೇಳುವಂತಿರಲಿಲ್ಲ.

ಗುಡ್ಡಯ್ಯನ ಕಿರಿಯ ತಮ್ಮನಿಗೆ ಸಿಟ್ಟು ಬಂತು. ತಲೆ ತಗ್ಗಿಸಿ ಮುನ್ನುಗ್ಗಿದ. ಆಗ ಸಾಲಿನಿಂದ ಸೂಜಪ್ಪ ಮುಂದೆ ಬಂದು, ಬೆನ್ನು ತಿರುಗಿಸಿ ಮುಳ್ಳು ಬಿಚ್ಚಿದ. ಅವನ ಪಕ್ಕಕ್ಕೆ ಅವನ ಹೆಂಡತಿ ಬಂದಳು. ಒಂದು ಹೆಜ್ಜೆಯೂ ಹಿಂದಕ್ಕೆ ಹಾರದೆ ಇಬ್ಬರೂ ಗಟ್ಟಿಯಾಗಿ ನಿಂತರು. ಅವರ ಪಕ್ಕಕ್ಕೆ ಮುಳ್ಳಿಲ್ಲದ ಚುಕ್ಕವ್ವ ಬಂದಳು, ಅವಳ ಪಕ್ಕಕ್ಕೆ ಅಂಗೈಯಷ್ಟು ಜೊಂಡಕ್ಕ ಬಂದಳು. ಕೋಣನ ಕಾಲು ತಡವರಿಸಿತು. ಎರಡು ಮುಳ್ಳುಹಂದಿಗಳನ್ನು ಸುತ್ತಿ ಬಳಸಿ ಹೋಗಬಹುದಿತ್ತು. ಇಷ್ಟು ಜನರನ್ನು ಬಳಸಿ ಹೋಗಲು ದಾರಿಯೇ ಇರಲಿಲ್ಲ. ಅವನು ನಿಂತುಬಿಟ್ಟ.

ಗುಡ್ಡಯ್ಯ ಮುಂದೆ ಬಂದ. ನಿಮ್ಮ ಮುಂದಾಳು ಯಾರು ಎಂದು ಕೇಳಿದ. ಚುಕ್ಕವ್ವ, ನಿನ್ನನ್ನು ಕಾವಲಿಗೆ ನಿಲ್ಲಿಸಿದವರು ನಾವೆಲ್ಲ, ಇವತ್ತಿಗೆ ಆ ಕೆಲಸ ಸಾಕು ಎನ್ನುತ್ತಿರುವವರೂ ನಾವೆಲ್ಲ ಎಂದಳು.

ಗುಡ್ಡಯ್ಯ ಆ ಕಣ್ಣುಗಳನ್ನು ಒಂದೊಂದಾಗಿ ನೋಡಿದ. ಅವನ ದನಿ ತಗ್ಗಿತ್ತು.

"ಮೊದಲ ದಿನ ಎಳೆಹುಲ್ಲಿಗೆ ಬಾಯಿ ಹಾಕಿದಾಗ ನನಗೆ ಹೆದರಿಕೆಯಾಗಿತ್ತು. ಯಾರಾದರೂ ಬಂದು ಕೇಳುತ್ತೀರಿ ಎಂದು ಸಂಜೆಯವರೆಗೆ ಮರದ ಕೆಳಗೆ ಕಾದೆ. ಯಾರೂ ಬರಲಿಲ್ಲ. ಮರುದಿನ ಅಷ್ಟು ಹೆದರಿಕೆಯಾಗಲಿಲ್ಲ. ಆಮೇಲೆ ಹೆದರಿಕೆಯೇ ಹೋಯಿತು."

ಅದು ನೆಪವೋ ಪಶ್ಚಾತ್ತಾಪವೋ ಯಾರಿಗೂ ತಿಳಿಯಲಿಲ್ಲ. ಬಹುಶಃ ಅವನಿಗೂ ತಿಳಿದಿರಲಿಲ್ಲ. ತಮ್ಮಂದಿರನ್ನು ಕರೆದುಕೊಂಡು ಅವನು ಬೆಟ್ಟದ ಕಡೆ ನಡೆದ. ಅವರ ದೊಡ್ಡ ಕಪ್ಪು ಬೆನ್ನುಗಳನ್ನು ಮಂಜು ನಿಧಾನವಾಗಿ ನುಂಗಿತು.

ಅಂದಿನಿಂದ ಕಾವಲನ್ನು ಸರದಿಯ ಮೇಲೆ ಮಾಡಿದರು. ಮುಳ್ಳಿಗೆ ಮಣ್ಣು ಮೆತ್ತಬೇಕೋ ಬೇಡವೋ ಎಂಬ ಚರ್ಚೆ ಮಾತ್ರ ಹೊಗೆಮಡುವಿನಲ್ಲಿ ಇನ್ನೂ ನಡೆಯುತ್ತಿದೆ. ಚುಕ್ಕವ್ವ ತನ್ನ ಮಾತು ಬಿಟ್ಟಿಲ್ಲ, ಸೂಜಪ್ಪನೂ ಬಿಟ್ಟಿಲ್ಲ. ಆದರೆ ಅವನು ಈಗ ಒಂದು ಸಂಜೆಯೂ ಸಭೆ ತಪ್ಪಿಸುವುದಿಲ್ಲ. ಮೊನ್ನೆ ಒಂದು ಕಪ್ಪೆ ಬಂದು, ನೀರುನಾಯಿಯ ಮಕ್ಕಳು ಆಟವಾಡುತ್ತ ತನ್ನ ತಾವರೆ ಎಲೆಯನ್ನು ಅಲ್ಲಾಡಿಸುತ್ತಾರೆ, ಮಧ್ಯಾಹ್ನದ ನಿದ್ದೆ ಕೆಡುತ್ತದೆ ಎಂದು ದೂರಿತು. ಕೆಲವರಿಗೆ ನಗು ಬಂತು. ಸೂಜಪ್ಪ ನಗಲಿಲ್ಲ. ಕಪ್ಪೆಯ ಹತ್ತಿರಕ್ಕೆ ಸರಿದು ಕೂತು, ಮೊದಲಿನಿಂದ ಹೇಳು ಎಂದ.

ನೀತಿ: ಆಯುಧವೊಂದೇ ನಮ್ಮ ಸ್ವಾತಂತ್ರ್ಯವನ್ನು ಕಾಯಲಾರದು; ನೆರೆಯವರಿಗೆ ಅನ್ಯಾಯವಾದ ಮೊದಲ ದಿನವೇ ಅವರ ಜೊತೆ ನಿಂತು ಕೇಳುವವರಿದ್ದರೆ, ಕಾವಲುಗಾರ ಒಡೆಯನಾಗುವುದಿಲ್ಲ.